ಎಣ್ಣಿ ಹೊಡೆದರೂ ಸಾಯದ ಕಸ: ತಪ್ಪು ಯಾರದು?

“ಎಣ್ಣಿ ಹೊಡದ್ರೂ ಕಸ ಸಾಯವಲ್ದು!”

ತುಂಗಭದ್ರಾ ಎಡದಂಡೆ ನಾಲೆಯ ಕೆಳಭಾಗದ ಭತ್ತದ ರೈತರ ಗೋಳು ಇದು. ಅಂಗಡಿಯವನು ಕಂಪನಿಯತ್ತ ಕೈ ತೋರಿಸುತ್ತಾನೆ, ಕಂಪನಿಯವನು ರೈತನತ್ತ. ಹುಲ್ಲು ಮಾತ್ರ ಯಾರನ್ನೂ ಕೇಳದೆ ಬೆಳೆಯುತ್ತಿದೆ!

ಸಸಿ ಹಚ್ಚುವ ಗದ್ದೆಯಲ್ಲಿ ನಿಂತ ನೀರೇ ಕಸವನ್ನು ಅದುಮಿಡುತ್ತದೆ. ನಾಲೆ ನೀರು ತಡ, ಕೂಲಿ ದುಬಾರಿ ಎಂದು ಅನೇಕರು ಕೂರಿಗೆ ಬಿತ್ತನೆಗೆ ಇಳಿದಿದ್ದಾರೆ. ಅದು ತಪ್ಪಲ್ಲ. ಆದರೆ ಅಲ್ಲಿ ಭತ್ತವೂ ಹುಲ್ಲೂ ಒಟ್ಟಿಗೇ ಏಳುತ್ತವೆ. ಊದಲಿನ ಜಾತಿಯ ಕಾಡುಹುಲ್ಲು ಎಳೆಯದಿದ್ದಾಗ ಥೇಟ್ ಭತ್ತದ ಸಸಿ! ಎಲೆ ಕಾಂಡಕ್ಕೆ ಸೇರುವಲ್ಲಿ ಭತ್ತಕ್ಕೆ ತೆಳ್ಳನೆಯ ಪೊರೆಯಿರುತ್ತದೆ, ಈ ಹುಲ್ಲಿಗೆ ಇರುವುದಿಲ್ಲ. ಇಷ್ಟು ಗುರುತನ್ನಾದರೂ ರೈತನಿಗೆ ತೋರಿಸಿಕೊಟ್ಟವರು ಎಷ್ಟು ಮಂದಿ?

ಪೆಂಡಿಮೆಥಾಲಿನ್ ಹೊಡೆಯಬೇಕಾದ್ದು ಕಸ ಹುಟ್ಟುವ ಮೊದಲು, ಬಿತ್ತಿ ನೀರು ಕೊಟ್ಟ ಮೂರು ದಿನದೊಳಗೆ, ಮಣ್ಣು ಹಸಿಯಿದ್ದಾಗ. ಒಣನೆಲಕ್ಕೆ ಹೊಡೆದರೆ ದುಡ್ಡು ಮಣ್ಣುಪಾಲು. ಬಿಸ್ಪೈರಿಬ್ಯಾಕ್ ಹೊಡೆಯಬೇಕಾದ್ದು ಹುಲ್ಲು 2ರಿಂದ 4 ಎಲೆ ಇರುವಾಗ, ನಿಂತ ನೀರು ಬಸಿದು. ಎರಡು ಮೂರು ದಿನಕ್ಕೆ ಮತ್ತೆ ನೀರು ಕಟ್ಟಬೇಕು. ಆಗುತ್ತಿರುವುದೇನು? ಹುಲ್ಲು ಮೊಳಕಾಲೆತ್ತರ ಬಂದ ಮೇಲೆ ಅಂಗಡಿಗೆ ಓಟ. ಹುಳಕ್ಕೆ ಹೊಡೆದ ಅದೇ ನಾಜಲ್. ಡಬ್ಬಿಯ ಮೇಲೆ ಬರೆದ ನೀರಿನಲ್ಲಿ ಅರ್ಧಕ್ಕೆ ಕೆಲಸ ಮುಗೀತು! ಚಪ್ಪಟೆಯಾಗಿ ಬೀಸುವ ನಾಜಲ್ ಹಾಕಿದರೆ ಎಣ್ಣಿ ಗದ್ದೆಗೆಲ್ಲ ಸಮನಾಗಿ ಬೀಳುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹರಿಯಾಣದ ಗೋಧಿ ಹೊಲಗಳಲ್ಲಿ ವರ್ಷವರ್ಷವೂ ಐಸೊಪ್ರೊಟ್ಯುರಾನ್ ಒಂದನ್ನೇ ಸುರಿದರು. 1990ರ ದಶಕದ ಆರಂಭಕ್ಕೆ ಅಲ್ಲಿನ ‘ಗುಲ್ಲಿ ಡಂಡಾ’ ಹುಲ್ಲು ಅದನ್ನು ಅರಗಿಸಿಕೊಂಡಿತು. ಹುಲ್ಲು ಮಿತಿಮೀರಿದ ಕಡೆ ರೈತರು ಹಸಿ ಗೋಧಿಯನ್ನೇ ಮೇವಿಗೆ ಕೊಯ್ದರು. ಬಂದ ಹೊಸ ಔಷಧಿಗಳಿಗೂ ಆಮೇಲೆ ಅದೇ ಗತಿಯಾಯಿತು.

ಇಲ್ಲಿಯೂ ಅದೇ ದಾರಿ ಹಿಡಿಯಬೇಕೆ? ಬಿಸ್ಪೈರಿಬ್ಯಾಕ್ ಬಿಟ್ಟು ಪೆನಾಕ್ಸುಲಾಮ್ ಕೊಂಡರೆ ಡಬ್ಬಿ ಬದಲಾಯಿತೇ ಹೊರತು ಔಷಧಿ ಬದಲಾದಂತಲ್ಲ. ಎರಡೂ ಹುಲ್ಲಿಗೆ ಪೆಟ್ಟು ಕೊಡುವುದು ಒಂದೇ ಜಾಗಕ್ಕೆ. ಸೈಹಲೋಫಾಪ್‌ನ ಪೆಟ್ಟು ಬೇರೆ ಕಡೆಗೆ. ಈ ಭೇದವನ್ನು ಬಿಲ್ಲಿನ ಮೇಲೆ ಬರೆದುಕೊಡಲು ಅಂಗಡಿಯವರಿಗೆ ಏನು ಕಷ್ಟ?

ಎಣ್ಣಿಯೊಂದನ್ನೇ ನಂಬಿಯೂ ಕೂರಬಾರದು. ಬಿತ್ತುವ ಮೊದಲು ಒಮ್ಮೆ ನೀರು ಕೊಟ್ಟು, ಎದ್ದ ಕಸವನ್ನು ಕುಂಟೆ ಹೊಡೆದು ಕೆಡಿಸಬಹುದು. ಉಳಿದ ಹುಲ್ಲನ್ನು ತೆನೆ ಉದುರುವ ಮುಂಚೆ ಕೀಳಬೇಕು. ಈ ವರ್ಷ ಉದುರಿದ ಬೀಜ ಮುಂದಿನ ವರ್ಷದ ಸಾಲ.

ಕೃಷಿ ಇಲಾಖೆಯವರು ಬಿತ್ತನೆಗೆ ಮುನ್ನ ನಾಲೆಯ ಕೆಳಭಾಗದ ಹಳ್ಳಿಗಳಿಗೆ ಬಂದು, ಗದ್ದೆಯಲ್ಲೇ ನಿಂತು, ಪಂಪು ಹಿಡಿದು ತೋರಿಸಲಿ. ಎಣ್ಣಿ ಮಾರುವವರು ಊರಿಗೆ ಹತ್ತು ಮಂದಿ ಇದ್ದಾರೆ. ಅದನ್ನು ಹೊಡೆಯುವುದು ಹೇಗೆಂದು ಹೇಳುವವರು ಒಬ್ಬರಾದರೂ ಬೇಡವೇ?