ಕ್ಯಾನಿಗೆ ಸಿಹಿನೀರು, ಊರಿಗೆ ಉಪ್ಪುನೀರು



ಊರೂರಿಗೂ ಶುದ್ಧ ನೀರಿನ ಘಟಕ ಬಂದಿದೆ. ಕಾಯಿನ್ ಹಾಕಿ 20 ಲೀಟರಿನ ಕ್ಯಾನ್ ತುಂಬಿಸಿಕೊಂಡು ಬರುತ್ತೇವೆ. ಘಟಕದ ಮುಂದೆ ಸಾಲು ನಿಲ್ಲುವ ನಾವು ಅದರ ಹಿಂಬದಿಗೆ ಹೋಗಿ ನೋಡಿದ್ದು ಕಡಿಮೆ. ಒಂದು ಸಲ ಹೋಗಿ ನೋಡಿ. ಅಲ್ಲೊಂದು ಪೈಪು ಇರ್ತದೆ. ಮಿಷನ್ ಓಡುವಷ್ಟು ಹೊತ್ತೂ ಅದರಿಂದ ವೇಸ್ಟ್ ನೀರು ಹೋಗ್ತಾನೇ ಇರ್ತದೆ. ಅದು ಎಲ್ಲಿಗೆ ಹೋಗುತ್ತದೆ ಎಂದು ಪಂಚಾಯ್ತಿಯನ್ನು ಕೇಳಿದವರುಂಟೆ?

ಘಟಕವೇ ಬೇಡ ಎನ್ನುವವರು ನಾವಲ್ಲ. ಘಾಟಿ ಸುಬ್ರಹ್ಮಣ್ಯದ ಸುತ್ತಮುತ್ತ, ಇಡೀ ದೊಡ್ಡಬಳ್ಳಾಪುರ ಸೀಮೆಯಲ್ಲೇ, ತೆರೆದ ಬಾವಿಗಳು ಬತ್ತಿದ ಮೇಲೆ ಸಾಲ ಮಾಡಿ ಸಾವಿರ ಅಡಿ ಬೋರ್ ಕೊರೆಸಿದ್ದೇವೆ. ಆಳದ ಬಂಡೆಯ ನೀರಿನಲ್ಲಿ ಫ್ಲೋರೈಡ್ ಬರಬಹುದು, ಗೊಬ್ಬರ ಮತ್ತು ಚರಂಡಿಯಿಂದ ನೈಟ್ರೇಟ್ ಇಳಿಯಬಹುದು. ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳು ಕಾರ್ಖಾನೆಯ ತ್ಯಾಜ್ಯ, ಪಟ್ಟಣದ ಕೊಳಚೆಗೆ ಸಿಕ್ಕಿ ಏನಾದವು ಎಂದು ನೀವೇ ಬಲ್ಲಿರಿ. ಅಂಥ ನೀರು ಕುಡಿಯಿರಿ ಎಂದು ಯಾರೂ ಹೇಳಲಾರರು.

ಆದರೆ ಮಿಷನ್ ಮಾಡುವ ಕೆಲಸ ಏನು? ಮೆಂಬ್ರೇನ್ ಅನ್ನೋದು ಒಂದು ಬಲು ಸಣ್ಣ ಜರಡಿ. ಜರಡಿ ಹಿಡಿದರೆ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ. ಹೊಟ್ಟು ಮಾಯವಾಗುವುದಿಲ್ಲ. ಹಾಗೇ ಬೋರಿನ ನೀರಿನ ಉಪ್ಪು, ಫ್ಲೋರೈಡ್, ನೈಟ್ರೇಟ್ ಹೆಚ್ಚುಕಮ್ಮಿ ಎಲ್ಲವೂ ಹಿಂದಿನ ಪೈಪಿಗೆ ಬರುತ್ತವೆ. ಅರ್ಧ ನೀರು ಕ್ಯಾನಿಗೆ, ಅರ್ಧ ನೀರು ಪೈಪಿಗೆ ಹೋದರೆ, ಪೈಪಿನ ನೀರಿನಲ್ಲಿ ಉಪ್ಪು ಸುಮಾರು ಎರಡರಷ್ಟು.

ಒಂದು ಲೆಕ್ಕ ಹಾಕೋಣ. ಬೋರಿನ ನೀರಿನಲ್ಲಿ ಲೀಟರಿಗೆ 1 ಗ್ರಾಂ ಲವಣ ಇದೆ ಎನ್ನಿ. ಘಟಕ ದಿನಕ್ಕೆ 5,000 ಲೀಟರ್ ಸಿಹಿನೀರು ಕೊಟ್ಟು 5,000 ಲೀಟರ್ ಹೊರಗೆ ಬಿಡುತ್ತದೆ ಎನ್ನಿ. ದಿನಕ್ಕೆ ಹತ್ತಿರ ಹತ್ತಿರ 10 ಕೆ.ಜಿ. ಉಪ್ಪು ಹಿಂದಿನ ಪೈಪಿನಲ್ಲಿ ಹೊರಗೆ ಬಂತು. ವರ್ಷಕ್ಕೆ 50 ಕೆ.ಜಿ.ಯ ಸುಮಾರು 70 ಮೂಟೆ! ಯಾರಾದರೂ 70 ಮೂಟೆ ಉಪ್ಪು ತಂದು ಊರ ಕೆರೆಗೆ ಸುರಿದರೆ ಬಿಡುತ್ತೇವೆಯೆ? ನೀರಿನಲ್ಲಿ ಕರಗಿ ಹೋದರೆ ಮಾತ್ರ ಸುಮ್ಮನಿರುತ್ತೇವೆ.

ಚರಂಡಿಗೆ ಬಿಟ್ಟರೆ ಅದು ಕೆರೆಗೆ ಇಲ್ಲವೆ ತಗ್ಗಿನ ಹೊಲಕ್ಕೆ ಸೇರುತ್ತದೆ. ಬೋರಿನ ಪಕ್ಕದಲ್ಲೇ ಇಂಗುಗುಂಡಿ ತೋಡಿ ಬಿಟ್ಟರೆ ನೀರು ಉಳಿಸಿದೆವು ಅಂತ ಫೋಟೋ ತೆಗೆಸಿಕೊಳ್ಳಬಹುದು. ಆದರೆ ಅದೇ ಉಪ್ಪು ಮತ್ತೆ ಬೋರಿಗೆ ಇಳಿಯುತ್ತದೆ. ಇಂಗಿಸಬೇಕಾದ್ದು ಮಳೆಯ ನೀರು, ಇದಲ್ಲ.

ಇನ್ನು ದನದ ತೊಟ್ಟಿ. ಕುಡಿಯುವ ನೀರಿಗೆ ಫ್ಲೋರೈಡ್ ಮಿತಿ ಹೆಚ್ಚೆಂದರೆ ಲೀಟರಿಗೆ 1.5 ಮಿಲಿಗ್ರಾಂ, ದನಗಳಿಗೆ ಸುಮಾರು 2 ಅನ್ನುತ್ತಾರೆ. ಬೋರಿನಲ್ಲಿ 1.5 ಇದ್ದರೆ ವೇಸ್ಟ್ ನೀರಿನಲ್ಲಿ ಹತ್ತಿರ 3 ಆಗುತ್ತದೆ. ಅದನ್ನೇ ವರ್ಷಗಟ್ಟಲೆ ಕುಡಿಸಿದರೆ ಮೊದಲು ಕೆಡುವುದು ಬೆಳೆಯುವ ಕರುವಿನ ಹಲ್ಲು. ಪುಷ್ಯದಲ್ಲಿ ಘಾಟಿಯ ದನಗಳ ಜಾತ್ರೆಗೆ ಹೋರಿ ಹೊಡೆದುಕೊಂಡು ಹೋದರೆ ಕೊಳ್ಳುವವನು ಬಾಯಿ ಬಿಡಿಸಿ ನೋಡುವುದೂ ಹಲ್ಲನ್ನೇ. ರೇಟು ಮುರಿಯುವುದು ಅಲ್ಲೇ.

2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ್ದು ಎರಡು ಮಾತು: ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣ ಇರುವ ಕಡೆ ಈ ಮಿಷನ್ ಬೇಡ, ಬೇಕಾದ ಕಡೆ ಶೇ. 60ಕ್ಕಿಂತ ಹೆಚ್ಚು ನೀರು ಕುಡಿಯಲು ಸಿಗಬೇಕು. ಒಳ್ಳೆಯದೇ. ಆದರೆ ಶೇ. 75 ನೀರು ಸಿಹಿಯಾಗಿ ಬಂದರೆ ಉಳಿದ ಕಾಲು ಭಾಗದಲ್ಲಿ ಉಪ್ಪು ನಾಲ್ಕರಷ್ಟಾಗುತ್ತದೆ. ನೀರು ಉಳಿಯಿತು, ಉಪ್ಪು ಉಳಿದೇ ಉಳಿಯಿತು.

ಬಿಸಿಲಿಗೆ ಒಣಗಿಸೋಣವೆಂದರೆ, ದಿನಕ್ಕೆ 5 ಮಿ.ಮೀ. ಆವಿಯಾದರೂ 5,000 ಲೀಟರಿಗೆ 10 ಗುಂಟೆಯ ಹೊಂಡ ಬೇಕು, ತಳಕ್ಕೆ ಹಾಳೆ ಹಾಸಬೇಕು. ಮಳೆಗಾಲದಲ್ಲಿ ಅದೂ ತುಂಬುತ್ತದೆ. ಅಂಥ ಜಾಗ ಯಾವ ಊರಲ್ಲಿ ಪುಕ್ಕಟೆ ಬಿದ್ದಿದೆ?

ಹಾಗಾದರೆ ದಾರಿ? ಈ ನೀರನ್ನು ಟ್ಯಾಂಕಿನಲ್ಲಿ ಹಿಡಿದು ಶಾಲೆಯ, ಪಂಚಾಯ್ತಿಯ ಕಕ್ಕಸು ತೊಳೆಯಲು, ನೆಲ ತೊಳೆಯಲು ಕೊಡಲಿ. ಅಷ್ಟು ಒಳ್ಳೆಯ ನೀರು ಉಳಿಯಿತು. ಗಿಡಕ್ಕೆ ಬಿಡುವುದಾದರೆ ಪರೀಕ್ಷೆ ಮಾಡಿಸಿ, ಬೇರೆ ನೀರು ಬೆರೆಸಿ, ತೆಂಗಿನಂಥ ಉಪ್ಪು ತಡೆಯುವ ಮರಕ್ಕೆ ಬಿಡಿ. ಬೀನ್ಸಿಗೆ, ದ್ರಾಕ್ಷಿಗೆ, ಸಸಿಮಡಿಗೆ ಬೇಡ. ಎಲ್ಲಕ್ಕಿಂತ ಮೇಲು ಮಳೆನೀರು. ವರ್ಷಕ್ಕೆ 700 ಮಿ.ಮೀ. ಮಳೆ ಎಂದು ಹಿಡಿದರೂ ಸಾವಿರ ಚದರಡಿ ಮಾಳಿಗೆಯಿಂದ 50 ಸಾವಿರ ಲೀಟರ್ ಸಿಗುತ್ತದೆ. ದಿನಕ್ಕೊಂದು ಕ್ಯಾನಿನಂತೆ ಒಂದು ಮನೆಗೆ ವರ್ಷಕ್ಕೆ ಬೇಕಾದ್ದು 7,300 ಲೀಟರ್ ಮಾತ್ರ. ಚೊಕ್ಕ ಮಾಡಿ ಮುಚ್ಚಿಟ್ಟ ಮಳೆನೀರಿಗೆ ಮೆಂಬ್ರೇನ್ ಬೇಡ, ಕಾಯಿನ್ನೂ ಬೇಡ.

ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ, ಮೂರು ಮಾತು ಕೇಳಿ. ಬೋರಿನ ನೀರು, ಕ್ಯಾನಿನ ನೀರು, ವೇಸ್ಟ್ ನೀರು, ಮೂರರ ಪರೀಕ್ಷೆಯ ಫಲಿತಾಂಶ ಘಟಕದ ಗೋಡೆಯ ಮೇಲೆ ಬರೆಸಿ. ವೇಸ್ಟ್ ಪೈಪು ಕೆರೆ, ಬಾವಿ, ಇಂಗುಗುಂಡಿಗೆ ಹೋಗದಂತೆ ಮಾಡಿಸಿ. ಘಟಕ ನಡೆಸುವ ಗುತ್ತಿಗೆ ಪತ್ರದಲ್ಲಿ ಈ ನೀರಿನ ಹೊಣೆ ಯಾರದು ಎಂದು ಬರೆಸಿ. ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಎದ್ದು ಬರಬೇಡಿ.

ಬೋರಿನ ಸಾಲವನ್ನು ಹೇಗೋ ಬಡ್ಡಿ ಕಟ್ಟಿ ತೀರಿಸಬಹುದು. ಮಣ್ಣಿಗೆ ಏರಿದ ಉಪ್ಪಿನ ಸಾಲಕ್ಕೆ ಯಾವ ಸರ್ಕಾರವೂ ಮನ್ನಾ ಕೊಡಲಾರದು.