ಮನೆವಾರ್ತೆ: ಹಲಗೆಯ ನೆಲ

ಮಲೆನಾಡಿನ ಕೆಲವು ಹಳೆಯ ಮನೆಗಳಲ್ಲಿ ಉಪ್ಪರಿಗೆಯ ನೆಲವು ಸಾಗುವಾನಿ, ಹೊನ್ನೆ ಅಥವಾ ಹಲಸಿನ ಹಲಗೆಯದು. ಕಲ್ಲುನೆಲದಂತೆ ಇದರ ಮೇಲೆ ನೀರು ಹೊಯ್ದು ತೊಳೆಯಕೂಡದು. ಕಾಷ್ಠವು ಕಡಿದ ಮೇಲೂ ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುವುದು. ಆಷಾಢ ಶ್ರಾವಣಗಳಲ್ಲಿ ಹಲಗೆಯು ಅಗಲದಲ್ಲಿ ಹಿಗ್ಗಿ, ಬೇಸಗೆಯಲ್ಲಿ ಕುಗ್ಗುವುದು. ಆಗ ತೋರುವ ಸಂದುಗಳನ್ನು ಗಟ್ಟಿಯಾಗಿ ತುಂಬಿಬಿಟ್ಟರೆ, ಮಳೆಗಾಲದಲ್ಲಿ ಹಿಗ್ಗಲು ಎಡೆಯಿಲ್ಲದೆ ಹಲಗೆಗಳು ಉಬ್ಬಿ ಏಳುವುವು. ನಿತ್ಯವೂ ಗುಡಿಸಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು.

ಇನ್ನು ಎಣ್ಣೆಯ ವಿಚಾರ. ಕೊಬ್ಬರಿ ಎಣ್ಣೆಯು ಒಣಗುವ ಜಾತಿಯದಲ್ಲ. ನೆಲವು ಜಿಡ್ಡಾಗಿ ಧೂಳು ಹಿಡಿಯುವುದು. ಅಗಸೆ ಎಣ್ಣೆಯಾದರೋ (ಸಂಸ್ಕೃತದ ಅತಸಿಯೇ ನಮ್ಮ ಅಗಸೆ) ಗಾಳಿಯ ಆಮ್ಲಜನಕವನ್ನು ಕೂಡಿಕೊಂಡು ಗಟ್ಟಿಯಾಗುವುದು. ಅದನ್ನು ತೆಳ್ಳಗೆ ಹಚ್ಚಿ, ಹೆಚ್ಚಾದುದನ್ನು ಒರೆಸಿ ತೆಗೆಯಬೇಕು.

ಅನೇಕರು ಅರಿಯದ ಗಂಡಾಂತರವೊಂದು ಇಲ್ಲಿಯೇ ಇದೆ. ಒಣಗುವಾಗ ಈ ಎಣ್ಣೆಯಲ್ಲಿ ಶಾಖವು ಹುಟ್ಟುತ್ತದೆ. ಒರೆಸಿದ ಚಿಂದಿಗಳನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಆ ಶಾಖವು ಹೊರಹೋಗಲಾರದೆ ಹೆಚ್ಚುತ್ತ, ಕಿಡಿಯ ಸೋಂಕಿಲ್ಲದೆಯೇ ಕೆಲವು ಗಂಟೆಗಳಲ್ಲಿ ಉರಿ ಏಳಬಹುದು. ಅದೂ ಮನೆಯವರೆಲ್ಲರೂ ಮಲಗಿರುವಾಗ, ಮರದ ಉಪ್ಪರಿಗೆಯಲ್ಲಿ! ಆದಕಾರಣ ಕೆಲಸ ಮುಗಿದೊಡನೆ ಚಿಂದಿಗಳನ್ನು ನೀರಿನಲ್ಲಿ ಅದ್ದಿ, ಮನೆಯಿಂದ ದೂರದಲ್ಲಿ, ಕಲ್ಲಿನ ಮೇಲೆ ಒಂದೊಂದಾಗಿ ಬಿಡಿಸಿ ಹರಡತಕ್ಕದ್ದು.