ಜೀಪಿನ ತಳಕ್ಕೆ ಯಾವ ತಟ್ಟೆ?

ದೆಹಲಿಯಲ್ಲಿರುವ ನಮ್ಮವರ ಮಕ್ಕಳು ಬೇಸಗೆಯ ರಜೆಯಲ್ಲಿ ಊರಿನ ರೈಲು ಹತ್ತುವ ಬದಲು ಜೀಪು ಹತ್ತಿ ಸ್ಪಿತಿಗೆ ಹೊರಡುತ್ತಾರೆ. ಹೊರಡಲಿ. ಆದರೆ ಕುಂಜುಮ್ ಕಣಿವೆಯ ಹಾದಿಯಲ್ಲಿ ಕಲ್ಲೊಂದು ಆಯಿಲ್ ಚೇಂಬರನ್ನು ಸೀಳಿದರೆ, ಹೆಂಡತಿ ಮಕ್ಕಳೊಡನೆ ಆ ಚಳಿಯಲ್ಲೇ ರಾತ್ರಿ ಕಳೆಯಬೇಕಾದೀತು. ತಳಕ್ಕೆ ಸ್ಕಿಡ್ ಪ್ಲೇಟ್ ಬಿಗಿಸುವುದು ಇದಕ್ಕಾಗಿಯೇ.

ಉಕ್ಕಿನದೋ, ಅಲ್ಯೂಮಿನಿಯಮ್ಮಿನದೋ? ಅಲ್ಯೂಮಿನಿಯಂ ತೂಕ ಉಕ್ಕಿನ ಮೂರರಲ್ಲೊಂದು ಪಾಲು, ಬಿಗಿಯೂ ಅಷ್ಟೇ. ಆದ್ದರಿಂದ 3 ಮಿಲಿಮೀಟರ್ ಉಕ್ಕಿನ ಬದಲು 6 ಮಿಲಿಮೀಟರ್ ಅಲ್ಯೂಮಿನಿಯಂ ಹಾಕಿದರೆ, ಚದರ ಮೀಟರಿಗೆ ಉಕ್ಕು ಸುಮಾರು 23.5 ಕಿಲೋ, ಇದು 16 ಕಿಲೋ. ಉಳಿತಾಯ ಏಳೆಂಟು ಕಿಲೋ ಮಾತ್ರ. ಅಂಗಡಿಯವರ ಮಾತು ಕೇಳಿದರೆ ಗಾಡಿ ಹಾರಿಯೇಬಿಡುತ್ತದೆ ಎನ್ನಬೇಕು!

ಬಂಡೆಯ ಮೇಲೆ ಉಕ್ಕು ಜಾರುತ್ತದೆ; ಮೆದುವಾದ ಅಲ್ಯೂಮಿನಿಯಂ ಗೀರಿಕೊಂಡು ಅಲ್ಲೇ ಕಚ್ಚಿ ನಿಲ್ಲುತ್ತದೆ. ಬಗ್ಗಿದ ಉಕ್ಕನ್ನು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಬಹುದು, ಸೀಳಿದರೆ ಸಾಧಾರಣ ವೆಲ್ಡಿಂಗಿನವನೇ ಸಾಕು. ಅಲ್ಯೂಮಿನಿಯಮ್ಮಿಗೆ ಆರ್ಗಾನ್ ಅನಿಲ, ಪಳಗಿದ ಕೈ ಎರಡೂ ಬೇಕು.

ಸಂಸಾರಸಮೇತ ಬೆಟ್ಟ ಹತ್ತುವವರಿಗೆ ಉಕ್ಕೇ ಸರಿಯೆಂದು ನಮ್ಮ ಅಭಿಪ್ರಾಯ. ಮುಂಬಯಿ, ಚೆನ್ನೈಗಳ ಉಪ್ಪುಗಾಳಿಯಲ್ಲಿದ್ದು, ಅಪರೂಪಕ್ಕೆ ಕಲ್ಲುಹಾದಿ ಹಿಡಿಯುವವರು ಅಲ್ಯೂಮಿನಿಯಂ ಕೊಳ್ಳಲಿ, ತುಕ್ಕಿನ ಕಾಟವಿಲ್ಲ. ಆದರೆ ಉಕ್ಕಿನ ಬೋಲ್ಟು ತಾಗುವೆಡೆ ಅದೂ ಸವೆಯುತ್ತದೆ, ನಡುವೆ ನೈಲಾನ್ ವಾಷರ್ ಇರಲಿ.

ಯಾವುದನ್ನೇ ಕೊಂಡರೂ ಎಣ್ಣೆ ಬಸಿಯಲು ತೂತಿದೆಯೇ ಎಂದು ಮೊದಲು ನೋಡಿರಿ. ಇಲ್ಲದಿದ್ದರೆ ಎಣ್ಣೆ ಬದಲಿಸುವಾಗಲೆಲ್ಲ ತಟ್ಟೆ ಬಿಚ್ಚಿಸಿದ ಕೂಲಿ ಬೇರೆ ತೆರಬೇಕು.